ಯಂತ್ರ ಹಿರಿಯನಿಗೆ, ಪೆಟ್ಟಿಗೆ ಕಿರಿಯನಿಗೆ

ಹೆಸರು ಗುರುಬಾಯಿ ಕೋಂ ಶಂಕರೆಪ್ಪ, ವಯಸ್ಸು ಅರವತ್ಮೂರು ವರ್ಷ, ಉದ್ಯೋಗ ಒಕ್ಕಲುತನ, ಊರು ಹನ್ನೂರ, ತಾಲೂಕು ಅಕ್ಕಲಕೋಟ, ಜಿಲ್ಲೆ ಸೋಲಾಪುರ, ಸದ್ಯ ಹಿರಿಯ ಮಗ ಸಿದ್ದೇಶ್ವರನ ಪಾಳಿಯಲ್ಲಿ ವಾಸ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಕನ್ನಡ ಬಲ್ಲ ಹವಾಲ್ದಾರರ ಎದುರು ಕುಳಿತು ಹೇಳಿ ಬರೆಯಿಸುವುದೇನೆಂದರೆ:

ನನ್ನ ಕಿರಿಯ ಮಗ ಶೈಲೇಶನು ನಿನ್ನೆ ದಸರೆಯ ದಿನ ಬೆಳಿಗ್ಗೆ ಇದೇ ಠಾಣೆಯಲ್ಲಿ ಫಿರ್ಯಾದಿ ಕೊಟ್ಟಿದ್ದಾನೆ. ತನ್ನ ಆರು ಪವರ್ ಸಪ್ಲೈ ಪೆಟ್ಟಿಗೆಗಳನ್ನು ಅಣ್ಣ ಸಿದ್ದೇಶ್ವರನು ಕದ್ದಿದ್ದಾನೆ ಎಂಬುದು ಅವನ ಫಿರ್ಯಾದಿ. ಅದು ಸರಿಯಲ್ಲ. ಪೆಟ್ಟಿಗೆಗಳನ್ನು ಟ್ರಂಕಿನಿಂದ ತೆಗೆದವಳು ನಾನು. ಈ ಮಾತನ್ನು ಮೊದಲೇ ಬರೆದುಕೊಳ್ಳಿ, ಕೊನೆಗೆ ಇಟ್ಟರೆ ಅಷ್ಟರಲ್ಲಿ ಗುನ್ಹೆ ದಾಖಲಾದೀತು ಎಂದು ನಾನು ಹೇಳಿದ್ದಕ್ಕೆ ಹವಾಲ್ದಾರರು ಮೊದಲೇ ಬರೆದಿದ್ದಾರೆ. ಸಿದ್ದೇಶ್ವರನನ್ನು ಇಂದು ಬೆಳಿಗ್ಗೆ ಎಂಟು ಗಂಟೆಗೆ ಕರೆತಂದು ಹೊರಗಿನ ಬಾಕಿನ ಮೇಲೆ ಕೂರಿಸಿದ್ದಾರೆ. ಶೈಲೇಶನು ಅದೇ ಪಡಸಾಲೆಯ ಇನ್ನೊಂದು ಬಾಕಿನ ಮೇಲೆ ಇದ್ದಾನೆ. ಎರಡು ಬಾಕುಗಳ ನಡುವೆ ಮೂರು ಮಾರು ದೂರವಿದೆ. ಇಬ್ಬರಿಗೂ ತಂದಿಟ್ಟ ಚಹ ಆರಿ ಕೆನೆ ಕಟ್ಟಿದ್ದನ್ನು ಒಳಗೆ ಬರುವಾಗ ನಾನು ನೋಡಿದ್ದೇನೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲೆ ಕಲಿತವಳು. ಮರಾಠಿ ಮಾತಾಡುತ್ತೇನೆ, ಆದರೆ ಮರಾಠಿಯಲ್ಲಿ ಬರೆದ ಕಾಗದಕ್ಕೆ ಸಹಿ ಹಾಕುವ ಧೈರ್ಯ ನನಗಿಲ್ಲ. ನನ್ನ ಮಕ್ಕಳು ಮರಾಠಿ ಸಾಲೆಯಲ್ಲಿ ಕಲಿತವರು, ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಬರೆದು ಮುಗಿದ ಮೇಲೆ ಇದನ್ನು ಇಬ್ಬರನ್ನೂ ಕರೆದು ಗಟ್ಟಿಯಾಗಿ ಓದಿ ಹೇಳಬೇಕು ಎಂದು ಕೇಳಿಕೊಂಡಿದ್ದೇನೆ. ಹವಾಲ್ದಾರರು ಒಪ್ಪಿದ್ದಾರೆ.

ಸಂಗತಿ ಏನೆಂದರೆ, ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದೆ ಮಕ್ಕಳಿಬ್ಬರೂ ಕೂಡಿ ಕಾಯಿನ್ ಮಶೀನು ಎಂಬ ಆರು ಯಂತ್ರಗಳನ್ನು ತಂದು ಹಳೆಯ ಕಾಳಿನ ಕೋಣೆಯಲ್ಲಿ ಇಟ್ಟರು. ಅವು ಹಗಲೂ ರಾತ್ರಿ ಗುಂಯ್ ಎಂದು ತಿರುಗುತ್ತ ಲೆಕ್ಕ ಮಾಡುತ್ತವೆ, ಅದರಿಂದ ಕಣ್ಣಿಗೆ ಕಾಣದ ನಾಣ್ಯ ಹುಟ್ಟುತ್ತದೆ, ಅದನ್ನು ಮೊಬೈಲಿನಲ್ಲೇ ಮಾರಿ ರೊಕ್ಕ ಮಾಡಬಹುದು ಎಂದು ಶೈಲೇಶ ನನಗೆ ಹೇಳಿದ್ದ. ಕಣ್ಣಿಗೆ ಕಾಣದ್ದನ್ನು ನಾನು ನಂಬುವುದು ದೇವರ ಮಟ್ಟಿಗೆ ಮಾತ್ರ. ಆದರೆ ಮಕ್ಕಳು ಕೂಡಿ ಮಾಡುವ ಕೆಲಸ ಎಂದು ಸುಮ್ಮನಿದ್ದೆ. ಆ ಕೋಣೆಗೆ ಬೇರೆ ಮೀಟರು ಇದೆ, ಹೊಲದ ಮೋಟಾರಿನ ಸವಲತ್ತಿನ ಕರೆಂಟು ಅಲ್ಲ. ಇದನ್ನು ಮರೆಯದೆ ಬರೆಯಿಸಬೇಕೆಂದು ಕಿರಿಯ ಸೊಸೆ ಶ್ರದ್ಧಾ ಬಸ್ಸಿನಲ್ಲಿ ಎರಡು ಸಲ ಹೇಳಿದ್ದಾಳೆ.

ಈ ಯಂತ್ರಗಳು ಗೋಡೆಯ ಕರೆಂಟನ್ನು ನೇರವಾಗಿ ಕುಡಿಯುವುದಿಲ್ಲ. ನಡುವೆ ಒಂದೊಂದಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಬೇಕು. ಪವರ್ ಸಪ್ಲೈ ಎಂದರೆ ಅದೇ. ಅದನ್ನು ಆರಿಸಲು ಶೈಲೇಶ ಮತ್ತು ಶ್ರದ್ಧಾ ಒಂದು ತಿಂಗಳು ಪಡಸಾಲೆಯಲ್ಲಿ ಕುಳಿತು ಮೊಬೈಲು ನೋಡಿದರು. ಶ್ರದ್ಧಾ ನಂದೇಶ್ವರದ ಒಕ್ಕಲಿಗರ ಮಗಳು, ಸೋಲಾಪುರದಲ್ಲಿ ಬಿ.ಎಸ್ಸಿ. ಮಾಡಿದವಳು. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಬಾವಿಯಿಂದ ನೂರು ಕೊಡ ನೀರು ಎತ್ತಿದರೆ ಒಳ್ಳೆಯ ಕಾಲುವೆಯಲ್ಲಿ ತೊಂಬತ್ಮೂರು ಕೊಡ ಕಬ್ಬಿಗೆ ಮುಟ್ಟುತ್ತದೆ, ಒಡಕು ಕಾಲುವೆಯಲ್ಲಿ ಎಪ್ಪತ್ತು. ಉಳಿದದ್ದನ್ನು ಮಣ್ಣು ಕುಡಿಯುತ್ತದೆ. ಪೆಟ್ಟಿಗೆಯೂ ಹಾಗೆಯೇ, ಆದರೆ ಅಲ್ಲಿ ಸೋರಿದ್ದು ಮಣ್ಣಿಗೆ ಹೋಗುವುದಿಲ್ಲ, ಬೆಂಕಿಯಾಗಿ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಮತ್ತೆ, ಯಂತ್ರಕ್ಕೆ ಬೇಕಾದಷ್ಟೇ ಶಕ್ತಿಯ ಪೆಟ್ಟಿಗೆ ತರಬಾರದು, ಹೆಚ್ಚು ಶಕ್ತಿಯದನ್ನು ತಂದು ಅರ್ಧ ಹೇರಿನಲ್ಲಿ ದುಡಿಸಬೇಕು, ಆಗ ಸೋರಿಕೆಯೂ ಕಡಿಮೆ, ಬಾಳಿಕೆಯೂ ಹೆಚ್ಚು ಎಂದಳು. ಎತ್ತು ಕಟ್ಟಿದವರಿಗೆ ಇದು ಹೇಳಬೇಕಾದ ಮಾತೇ ಅಲ್ಲ.

ಆಮೇಲೆ ಸಿದ್ದೇಶ್ವರನೂ ಸೇರಿ ಮೂವರೂ ಸೋಲಾಪುರಕ್ಕೆ ಹೋದರು. ಶ್ರದ್ಧಾ ಕೈಯಲ್ಲಿ ಹಿಡಿಯುವಂಥ ಒಂದು ಸಣ್ಣ ಮೀಟರು ಒಯ್ದು, ಅಂಗಡಿಯಲ್ಲಿ ಒಂದೊಂದೇ ಪೆಟ್ಟಿಗೆಯನ್ನು ಗೋಡೆಗೆ ಜೋಡಿಸಿ, ಎಷ್ಟು ಎಳೆಯುತ್ತದೆ ಎಂದು ನೋಡಿ ನೋಡಿ ಆರು ತೆಗೆದಳಂತೆ. ಹೆಣ್ಣು ನೋಡಲು ಬಂದವರೂ ಇಷ್ಟು ಹೊತ್ತು ನೋಡುವುದಿಲ್ಲ ಎಂದು ಸಿದ್ದೇಶ್ವರ ಮನೆಗೆ ಬಂದು ಛೇಡಿಸಿದ್ದ. ಆಗ ಎಲ್ಲರೂ ನಕ್ಕಿದ್ದೆವು. ಕಳೆದ ವರ್ಷ ಖಂಡೇನವಮಿಯ ಆಯುಧಪೂಜೆಗೆ ಶೈಲೇಶ ಆ ಆರು ಪೆಟ್ಟಿಗೆಗಳಿಗೆ ತನ್ನ ಉಂಗುರ ಬೆರಳಿನಿಂದ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡಿದ. ಆ ಗುರುತು ಇನ್ನೂ ಅವುಗಳ ಮೇಲಿದೆ, ಪಂಚನಾಮೆಯಲ್ಲೂ ಬರೆದಿದ್ದಾರೆ.

ಈ ವರ್ಷ ತೊಗರಿ ರಾಶಿಯ ದಿನ ಅಣ್ಣತಮ್ಮಂದಿರ ನಡುವೆ ಒಂದು ಮಾತು ಹೆಚ್ಚಾಯಿತು. ಮಾತು ಏನೆಂದು ಹವಾಲ್ದಾರರು ಕೇಳಿದರು. ಅದು ಆಡಿದವರಿಗೂ ಈಗ ನೆನಪಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಯುಗಾದಿಯ ಮರುದಿನ ಊರಿನ ಐದು ಮಂದಿ ಪಂಚರು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ವಾಟಣಿ, ಎಂದರೆ ಮನೆಯ ಪಾಲು, ಮಾಡಿದರು. ಅವರಲ್ಲಿ ಹಿರಿಯ ಮೈಲಾರಲಿಂಗ.

ನಮ್ಮ ಕಡೆ ವಾಟಣಿಯಲ್ಲಿ ಒಂದು ಪದ್ಧತಿ ಇದೆ. ಬಾವಿ ಒಬ್ಬರ ಪಾಲಿಗೆ ಹಾಕಿದರೆ ಮೋಟಾರು ಇನ್ನೊಬ್ಬರ ಪಾಲಿಗೆ ಹಾಕುತ್ತಾರೆ. ಬಾವಿಯವನಿಗೆ ಮೋಟಾರು ಬೇಕು, ಮೋಟಾರಿನವನಿಗೆ ಬಾವಿ ಬೇಕು. ಎಷ್ಟು ಸಿಟ್ಟಿದ್ದರೂ ವಾರಕ್ಕೊಮ್ಮೆ ಒಬ್ಬನು ಇನ್ನೊಬ್ಬನ ಬಾಗಿಲಿಗೆ ಹೋಗಿ ಮಾತಾಡಲೇಬೇಕು. ಹೀಗೆ ಹಂಚಿದ ಎಷ್ಟೋ ಮನೆಗಳಲ್ಲಿ ಎರಡು ವರ್ಷದಲ್ಲಿ ಒಲೆ ಮತ್ತೆ ಒಂದಾಗಿದ್ದನ್ನು ನಾನೇ ಕಂಡಿದ್ದೇನೆ. ಮೈಲಾರಲಿಂಗ ಅದೇ ಲೆಕ್ಕದಲ್ಲಿ ಆರು ಯಂತ್ರಗಳನ್ನು ಕಾಳಿನ ಕೋಣೆ ಸಮೇತ ಹಿರಿಯನಿಗೂ, ಆರು ಪೆಟ್ಟಿಗೆಗಳನ್ನು ಕಿರಿಯನಿಗೂ ಹಾಕಿದ. ನನ್ನನ್ನೂ ಹಾಗೆಯೇ ಹಂಚಿದರು. ಒಂದು ತಿಂಗಳು ಹಿರಿಯನ ಒಲೆ, ಒಂದು ತಿಂಗಳು ಕಿರಿಯನ ಒಲೆ, ಒಂದನೆಯ ತಾರೀಖಿಗೆ ತಾಟು ಆಚೆಯಿಂದ ಈಚೆ. ಮಲಗುವುದು ಮಾತ್ರ ನಡುವಿನ ಕೋಣೆಯಲ್ಲಿ, ಅದನ್ನು ಯಾರಿಗೂ ಹಾಕಿರಲಿಲ್ಲ.

ಪಂಚರ ಮೇಲೆ ನನಗೆ ಸಿಟ್ಟಿದೆ, ಅದನ್ನೂ ಬರೆಯಬೇಕು. ಬಾವಿಯನ್ನು ಯಾರೂ ಬಜಾರಿನಲ್ಲಿ ಕೊಂಡು ತರುವುದಿಲ್ಲ. ಪೆಟ್ಟಿಗೆ ಬಜಾರಿನಲ್ಲಿ ಸಿಗುತ್ತದೆ. ಇಷ್ಟು ಸಣ್ಣ ವಿಚಾರ ಐದು ಪಟಗಗಳ ಕೆಳಗಿನ ಯಾವ ತಲೆಗೂ ಹೊಳೆಯಲಿಲ್ಲ.

ಶೈಲೇಶ ತನ್ನ ಪಾಲಿನ ಪೆಟ್ಟಿಗೆಗಳನ್ನು ಸೋಲಾಪುರ ಚಾದರದಲ್ಲಿ ಸುತ್ತಿ ಶ್ರದ್ಧಾಳ ಟ್ರಂಕಿನಲ್ಲಿ ಇಟ್ಟ. ಕೊಟ್ಟುಬಿಡು, ಯಂತ್ರ ಸುಮ್ಮನೆ ನಿಂತಿವೆ ಎಂದು ನಾನು ಹೇಳಿದಾಗ ಅವನು ಹೇಳಿದ್ದು ಹೀಗೆ:

"ಅಂವಾ ಬಂದು ಬಾಯಿ ಬಿಟ್ಟ ಕೇಳ್ಲಿ, ಆರೂ ಹೊತ್ತಗೊಂಡ ಹೋಗಿ ಇಟ್ಟ ಬರ್ತೀನಿ. ಕೇಳದ ಒಂದ ತಾರನೂ ಕೊಡಂಗಿಲ್ಲ."

ಇದನ್ನು ನಾನು ಹಿರಿಯನಿಗೆ ಹೇಳಲಿಲ್ಲ. ಒಂದು ಒಲೆಯ ಮಾತನ್ನು ಇನ್ನೊಂದು ಒಲೆಗೆ ಒಯ್ಯುವುದಿಲ್ಲ ಎಂದು ವಾಟಣಿಯ ದಿನವೇ ನಿಯಮ ಮಾಡಿಕೊಂಡಿದ್ದೆ. ಆದರೆ ನಡುವೆ ಇರುವುದು ಒಂದು ಗೋಡೆ, ಅವನಿಗೆ ಕೇಳಿಸಿತ್ತು. ಬೇಡುವುದು ತನ್ನ ರೂಢಿಯಲ್ಲ ಎಂದು ಅವನು ಗೋಡೆಗೆ ಕೇಳುವಂತೆ ಹೇಳಿದ. ಮೂರು ದಿನ ಬಿಟ್ಟು ಒಬ್ಬನೇ ಸೋಲಾಪುರಕ್ಕೆ ಹೋಗಿ ಬೇರೆ ಆರು ಪೆಟ್ಟಿಗೆ ತಂದ. ಯಾವ ಅಂಗಡಿ ಎಂದು ನನಗೆ ಗೊತ್ತಿಲ್ಲ.

ಅವನು ಆರಿಸಿದ ರೀತಿ ಅವನ ಅಪ್ಪನದು. ನನ್ನ ಯಜಮಾನರು ಮೋಟಾರು ಕೊಳ್ಳುವಾಗ ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ತೂಕ ಹೆಚ್ಚಿದ್ದರೆ ಒಳಗೆ ತಾಂಬರ, ಎಂದರೆ ತಾಮ್ರದ ತಂತಿ, ಹೆಚ್ಚು, ತಾಂಬರ ಹೆಚ್ಚಿದ್ದರೆ ಮೋಟಾರು ಸುಡುವುದಿಲ್ಲ. ಹಾಗೆ ಎತ್ತಿ ತಂದ ಮೋಟಾರು ಇಪ್ಪತ್ತೆರಡು ವರ್ಷದಿಂದ ಇಂದಿನವರೆಗೆ ನೀರು ಎತ್ತುತ್ತಿದೆ, ಆದ್ದರಿಂದ ಆ ಪದ್ಧತಿಯನ್ನು ದಡ್ಡತನ ಎಂದು ನಾನು ಹೇಳುವುದಿಲ್ಲ. ಸಿದ್ದೇಶ್ವರ ಹೊಸ ಪೆಟ್ಟಿಗೆಯೊಂದನ್ನು ನನ್ನ ತೊಡೆಯ ಮೇಲೆ ಇಟ್ಟು, ತಮ್ಮ ಹಗುರ ಮಾಲಿಗೆ ಹೆಚ್ಚು ಬೆಲೆ ಕೊಟ್ಟ, ತಾನು ಭಾರದ ಮಾಲನ್ನು ಕಡಿಮೆ ಬೆಲೆಗೆ ತಂದೆ ಎಂದು ಹೇಳಿದ. ಪೆಟ್ಟಿಗೆ ಖರೆಯೇ ಭಾರವಿತ್ತು.

ಜೂನ್ ತಿಂಗಳು ನನ್ನ ಪಾಳಿ ಹಿರಿಯನಲ್ಲಿ ಇತ್ತು. ಸಿದ್ದೇಶ್ವರನ ಮಗಳು, ನಾಲ್ಕು ವರ್ಷದ ಕೂಸು, ನನ್ನ ಪಕ್ಕದಲ್ಲಿ ಮಲಗುತ್ತಾಳೆ. ಗೋಡೆಯ ಕಡೆ ಅವಳು, ಹೊರಗಿನ ಕಡೆ ನಾನು. ಗೋಡೆಯ ಆಚೆ ಕಾಳಿನ ಕೋಣೆ. ಒಂದು ದಿನ ಮಧ್ಯಾಹ್ನ ಕೂಸು ಗೋಡೆ ಸುಡುತ್ತದೆ ಎಂದು ಎದ್ದು ಕುಳಿತಿತು. ನಾನು ಅಂಗೈ ಇಟ್ಟು ನೋಡಿದೆ. ರೊಟ್ಟಿ ಮಾಡಿ ಇಳಿಸಿದ ಹಂಚು ಸ್ವಲ್ಪ ಆರಿದ ಮೇಲೆ ಇರುತ್ತದಲ್ಲ, ಅಷ್ಟು ಬಿಸಿ ಇತ್ತು. ರಬ್ಬರು ಸುಟ್ಟ ವಾಸನೆಯೂ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ಇಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಕೂಸು ಬೇಯುವುದಿತ್ತು. ನನಗೆ ಹೆದರಿಕೆಯಾಯಿತು. ಸಿದ್ದೇಶ್ವರನಿಗೆ ಹೇಳಿದೆ. ಬೇಸಿಗೆಯ ಗೋಡೆ ಬಿಸಿ ಇರದೆ ತಂಪು ಇರುತ್ತದೆಯೇ ಎಂದು ಅವನು ಹೇಳಿ ಹೊಲಕ್ಕೆ ಹೋದ. ಹಿರಿಯ ಸೊಸೆ ಛಾಯಾ ಹೇಳಿದರೂ ಅದೇ ಉತ್ತರ.

ಎರಡು ದಿನ ನಾನು ಗೋಡೆಯ ಕಡೆ ಮಲಗಿ ಕೂಸನ್ನು ಹೊರಗಿನ ಕಡೆ ಮಲಗಿಸಿದೆ. ಮೂರನೆಯ ದಿನ ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಶ್ರದ್ಧಾಳಿಗೆ ಹೇಳಿದೆ. ಹಿತ್ತಿಲನ್ನೂ ಪಂಚರು ಹಂಚಿರಲಿಲ್ಲ, ಆದ್ದರಿಂದ ನನ್ನ ನಿಯಮ ಮುರಿದಂತಾಗಲಿಲ್ಲ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನಡುವಿನ ಕೋಣೆಗೆ ಬಂದು ಗೋಡೆ ಮುಟ್ಟಿ ನೋಡಿದಳು. ಹೊಸ ಪೆಟ್ಟಿಗೆಗಳೇ ಸೋರುತ್ತಿವೆ, ಬದಲಿಸದಿದ್ದರೆ ಬೆಂಕಿ ಹತ್ತುತ್ತದೆ ಎಂದಳು.

ಜೂನ್ ಹತ್ತೊಂಬತ್ತು, ಸೋಮವಾರ. ಬಿತ್ತನೆಯ ಬೀಜಕ್ಕೆಂದು ಮಕ್ಕಳಿಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದರು. ಛಾಯಾ ಹೊಲದಲ್ಲಿದ್ದಳು. ಟ್ರಂಕು ತೆಗೆದು ಚಾದರ ಬಿಚ್ಚಿದವಳು ನಾನು. ಕೋಣೆಯ ಮೇನ್ ಬಂದ್ ಮಾಡಿದವಳು ನಾನು. ಪೆಟ್ಟಿಗೆಗಳನ್ನು ಒಂದೊಂದಾಗಿ ಸೆರಗಿನ ಕೆಳಗೆ ಹೊತ್ತು ತಂದವಳೂ ನಾನು. ಒಂದೊಂದು ಯಂತ್ರಕ್ಕೆ ಒಂಬತ್ತು ಪ್ಲಗ್ಗುಗಳಿದ್ದವು, ಅವನ್ನು ಬಿಚ್ಚಿ ಜೋಡಿಸಿದ್ದು ಯಾರು ಎಂದು ಹವಾಲ್ದಾರರು ಕೇಳಿದರು. ನಾನೇ ಎಂದು ಹೇಳಬೇಕೆಂದು ಮನೆಯಿಂದ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಆದರೆ ಬಾಗಿಲ ಬಳಿ ನಿಂತಿದ್ದ ಶ್ರದ್ಧಾ ಒಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಅತ್ತ್ಯಾರ, ತಾರ ನಾ ಜೋಡ್ಸೀನಿ. ನನ್ನ ಹೆಸರೂ ಬರಸ್ರಿ."

ಆದ್ದರಿಂದ ಬರೆಯಿಸಿದ್ದೇನೆ. ನಾನು ಬ್ಯಾಟರಿಯ ಬೆಳಕು ಹಿಡಿದೆ, ಅವಳು ಜೋಡಿಸಿದಳು. ಹಳೆಯ ಪ್ಲಗ್ಗುಗಳಲ್ಲಿ ಎರಡು ಕರಗಿ ಅಂಟಿಕೊಂಡಿದ್ದವು, ಅವನ್ನು ಕಿತ್ತು ತೆಗೆಯುವಾಗ ಅವಳ ಹೆಬ್ಬೆರಳು ಸುಟ್ಟಿತು. ಅಷ್ಟರಲ್ಲಿ ಸಿದ್ದೇಶ್ವರನ ಫೋನು ಬಂತು. ಮೊಬೈಲಿನಲ್ಲಿ ಯಂತ್ರ ನಿಂತಂತೆ ತೋರಿಸುತ್ತಿದೆ ಎಂದ. ಕರೆಂಟು ಹೋಗಿದೆ ಎಂದು ನಾನು ಹೇಳಿದೆ. ಇದು ಸುಳ್ಳು. ನಮ್ಮ ಭಾಗದಲ್ಲಿ ಈ ಸುಳ್ಳನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ಅವನ ಆರು ಪೆಟ್ಟಿಗೆಗಳನ್ನು ಮತ್ತೆ ಯಾರೂ ಹಚ್ಚಬಾರದು, ಟ್ರಂಕೂ ಹಗುರಾಗಬಾರದು ಎಂದು ಅದೇ ಚಾದರದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟೆವು.

ಸಂಜೆಯೊಳಗೆ ಗೋಡೆ ತಣ್ಣಗಾಯಿತು. ಅಂದು ಕೂಸು ಗೋಡೆಗೆ ಬೆನ್ನು ಹಚ್ಚಿ ಮಲಗಿತು. ಸಿದ್ದೇಶ್ವರ ಯಂತ್ರಗಳ ಮುಂಭಾಗದ ದೀಪ ನೋಡುತ್ತಾನೆ, ಮೊಬೈಲು ನೋಡುತ್ತಾನೆ, ಹಿಂಭಾಗಕ್ಕೆ ಬಗ್ಗಿದವನಲ್ಲ. ಆದ್ದರಿಂದ ಅವನಿಗೆ ಏನೂ ತಿಳಿಯಲಿಲ್ಲ. ಎರಡು ತಿಂಗಳ ಬಳಿಕ ಮೀಟರಿನ ಓಟ ಇಳಿದದ್ದು ಕಂಡು, ಮೈಲಾರಲಿಂಗನನ್ನು ಕರೆದು ಚಹ ಕೊಟ್ಟು, ಭಾರದ ಮಾಲಿನ ಗುಣವೇ ಬೇರೆ, ತಮ್ಮನಿಗೆ ಇದು ತಿಳಿಯಲಿಲ್ಲ ಎಂದು ದೊಡ್ಡದಾಗಿ ಹೇಳಿದ. ಆಗ ಶ್ರದ್ಧಾ ಗೋಡೆಯ ಆಚೆ, ನಾನು ಗೋಡೆಯ ಈಚೆ, ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಇದು ತಪಾಸಣೆಗೆ ಬೇಕಿಲ್ಲ ಎಂದು ಹವಾಲ್ದಾರರು ಹೇಳಿದರು. ಬೇಕು. ಕದ್ದವರು ಹಾಗೆ ನಗುವುದಿಲ್ಲ.

ಮೊನ್ನೆ ಸೋಮವಾರ ಖಂಡೇನವಮಿ. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆ ಮಾಡುವ ದಿನ. ದುಡಿಯದೆ ಟ್ರಂಕಿನಲ್ಲಿ ಮಲಗಿದ ಪೆಟ್ಟಿಗೆಗಳನ್ನೂ ಶೈಲೇಶ ಪೂಜೆಗೆ ತೆಗೆಯುತ್ತಾನೆ ಎಂದು ನಮಗಿಬ್ಬರಿಗೂ ತೋಚಿರಲಿಲ್ಲ. ಅದು ನಮ್ಮ ತಪ್ಪು. ಅವನು ಕುಡಗೋಲು, ಕುಂಟೆ, ಗಾಡಿಯ ಕೀಲಿ ಎಲ್ಲ ಹಾಸಿ, ಕೊನೆಗೆ ಚಾದರ ಬಿಚ್ಚಿದ. ಬೆರಳಿಗೆ ಕುಂಕುಮ ಹಚ್ಚಿಕೊಂಡವನು, ಪೆಟ್ಟಿಗೆಗಳ ಮೇಲೆ ತನ್ನ ಹಳೆಯ ಗುರುತು ಇಲ್ಲದ್ದು ಕಂಡು ಹಾಗೆಯೇ ಕುಳಿತ. ಆಮೇಲೆ ಎದ್ದು ನೇರ ಕಾಳಿನ ಕೋಣೆಗೆ ಹೋಗಿ ಯಂತ್ರಗಳ ಹಿಂದೆ ಬಗ್ಗಿ ನೋಡಿ, ತನ್ನ ಹೋದ ವರ್ಷದ ಅರಿಷಿಣದ ಗುರುತು ಕಂಡು ಹೊರಗೆ ಬಂದ. ಅಣ್ಣ ಕಳ್ಳ ಎಂದು ಅಂಗಳದಲ್ಲಿ ನಿಂತು ಒಂದೇ ಸಲ ಹೇಳಿದ. ಸಿದ್ದೇಶ್ವರನಿಗೆ ಏನೆಂದೇ ಗೊತ್ತಿಲ್ಲ. ಅವನು ತಮ್ಮನನ್ನು ಸುಳ್ಳ ಎಂದ.

ಆಗಲೇ ಏಕೆ ಹೇಳಲಿಲ್ಲ ಎಂದು ಹವಾಲ್ದಾರರು ಕೇಳಿದ್ದಾರೆ. ನಾನು ಬಾಯಿ ತೆರೆದೆ. ಸಿದ್ದೇಶ್ವರ ನನ್ನನ್ನು ನೋಡಿ, ಈ ತಿಂಗಳು ನೀನು ನನ್ನ ಪಾಳಿ, ಅವನ ಸಂಗಡ ಮಾತು ಬೇಡ ಎಂದ. ಶೈಲೇಶನ ಹತ್ತಿರ ಹೋದರೆ, ಅಣ್ಣನ ಅನ್ನ ತಿಂದು ಅಣ್ಣನ ಪರ ಬಂದಿದ್ದೀಯ ಎಂದು ಬಾಗಿಲು ಹಾಕಿಕೊಂಡ. ಶ್ರದ್ಧಾ ಬಾಗಿಲೊಳಗೆ ಹೇಳಲು ಹೋದರೆ, ಅಣ್ಣನನ್ನು ಉಳಿಸಲು ಅತ್ತೆ ಕಲಿಸಿ ಕಳಿಸಿದ ಮಾತು ಎಂದನಂತೆ. ಮರುದಿನ ಬೆಳಿಗ್ಗೆ ಅವನು ಮೊದಲ ಬಸ್ಸಿಗೆ ಠಾಣೆಗೆ ಬಂದ. ನಿನ್ನೆ ಸಂಜೆ ಊರೆಲ್ಲ ಬನ್ನಿ ಎಲೆ ಹಂಚಿಕೊಂಡು ಬಂಗಾರದಂಗ ಇರೋಣ ಎಂದು ಕೈ ಮುಗಿಯುವಾಗ ನಮ್ಮ ಮನೆಗೆ ಪೊಲೀಸ್ ಜೀಪು ಬಂದಿತ್ತು. ಯಂತ್ರದ ಹಿಂದಿದ್ದ ಆರು ಪೆಟ್ಟಿಗೆಗಳನ್ನೂ ಟ್ರಂಕಿನಲ್ಲಿದ್ದ ಆರನ್ನೂ ಮುದ್ದೇಮಾಲು ಎಂದು ಒಯ್ದರು. ನಾನು ತಂದ ಬನ್ನಿ ನನ್ನ ಸೆರಗಿನಲ್ಲೇ ಉಳಿಯಿತು. ಅಷ್ಟು ದುಃಖ ನನಗೆ ಯಜಮಾನರು ತೀರಿದ ದಿನದ ಬಳಿಕ ಆಗಿರಲಿಲ್ಲ.

ಇಷ್ಟು ಬರೆದ ಮೇಲೆ ಹವಾಲ್ದಾರರು ಮಕ್ಕಳಿಬ್ಬರನ್ನೂ ಒಳಗೆ ಕರೆದು ಗಟ್ಟಿಯಾಗಿ ಓದಿದರು. ಇಬ್ಬರೂ ನಿಂತೇ ಕೇಳಿದರು. ಓದಿ ಮುಗಿದ ಮೇಲೆ ಶ್ರದ್ಧಾ ಕೇಳಿಕೊಂಡಿದ್ದರಿಂದ, ಎಲ್ಲರ ಎದುರು ಸಿದ್ದೇಶ್ವರನ ಪೆಟ್ಟಿಗೆಗಳಲ್ಲಿ ಒಂದನ್ನು ಮೇಜಿನ ಮೇಲೆ ಇಟ್ಟು ಸ್ಕ್ರೂ ಬಿಚ್ಚಿದರು. ಒಳಗೆ ಬೆರಳು ದಪ್ಪದ ಸಿಮೆಂಟಿನ ಬಿಲ್ಲೆಯನ್ನು ಅಂಟು ಹಾಕಿ ಕೂರಿಸಿದ್ದರು. ತಾಂಬರ ನೋಡಲು ಹುಡುಕಬೇಕಾಗಿತ್ತು. ಸಿದ್ದೇಶ್ವರ ಆ ಬಿಲ್ಲೆಯನ್ನು ತೆಗೆದುಕೊಂಡು, ಅವನ ಅಪ್ಪ ನೋಡುತ್ತಿದ್ದ ಹಾಗೆಯೇ ಎರಡೂ ಕೈಯಲ್ಲಿ ತೂಗಿ ನೋಡಿದ. ಕೂಸು ಗೋಡೆಯ ಕಡೆಯೇ ಮಲಗುತ್ತಿತ್ತೇ ಎಂದು ನನ್ನನ್ನು ಕೇಳಿದ. ಹೌದೆಂದೆ. ಅವನು ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟು ತಮ್ಮನ ಕಡೆ ತಿರುಗಿದ.

"ಶೈಲ್ಯಾ, ನಿನ್ನ ಪೆಟಗಿ ಕೊಡ್ತಿಯೇನ್?"

ಶೈಲೇಶ ಹವಾಲ್ದಾರರಿಗೆ ಮರಾಠಿಯಲ್ಲಿ, ತನ್ನ ಫಿರ್ಯಾದಿ ವಾಪಸು, ತಾನು ಹೊತ್ತುಕೊಂಡು ಹೋಗಿ ಇಟ್ಟು ಬರಬೇಕಾದ ಸಾಮಾನು ಈಗಾಗಲೇ ಹೋಗಿ ಕುಳಿತಿದೆ ಎಂದು ಹೇಳಿದ. ಆಮೇಲೆ ಶ್ರದ್ಧಾಳ ಕೈ ಹಿಡಿದು ಹೆಬ್ಬೆರಳಿನ ಸುಟ್ಟ ಕಲೆ ನೋಡಿದ. ಇದನ್ನು ಒಲೆಯ ಕಲೆ ಎಂದು ತನಗೆ ಹೇಳಿದ್ದಳಂತೆ. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿ, ಗೋಡೆ ಬಿಸಿಯಾದದ್ದನ್ನು ಅಂದೇ ತನಗೆ ಏಕೆ ಹೇಳಲಿಲ್ಲ ಎಂದು ಕೇಳಿದ.

"ಯಾರ ತಿಂಗಳದಾಗ ಹೇಳ್ಬೇಕಿತ್ತಪಾ?" ಎಂದು ನಾನು ಕೇಳಿದೆ.

ಸೆರಗಿನಲ್ಲಿದ್ದ ಬನ್ನಿ ಎಲೆ ಬಿಚ್ಚಿ ಇಬ್ಬರ ಕೈಗೂ ಹಾಕಿದೆ. ಎಲೆ ಒಣಗಿತ್ತು, ದಸರೆಯೂ ನಿನ್ನೆಗೇ ಮುಗಿದಿತ್ತು. ಆದರೂ ಹಿರಿಯನಿಗೆ ಕಿರಿಯ ಕೊಟ್ಟು ಕಾಲು ಮುಟ್ಟಿದ. ಹವಾಲ್ದಾರರಿಗೂ ಒಂದು ಎಲೆ ಕೊಟ್ಟಿದ್ದೇನೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಬರೆದದ್ದನ್ನು ಎಲ್ಲರ ಮುಂದೆ ಓದಿದ್ದಾರೆ, ಕೇಳಿದೆ, ಕೂಡಿಸುವುದು ಕಳೆಯುವುದು ಏನೂ ಇಲ್ಲ, ಒಂದನ್ನು ಬಿಟ್ಟು. ಮೊದಲ ಸಾಲಿನಲ್ಲಿ "ಸದ್ಯ ಹಿರಿಯ ಮಗ ಸಿದ್ದೇಶ್ವರನ ಪಾಳಿಯಲ್ಲಿ ವಾಸ" ಎಂದು ಬರೆ ಎಂದವಳು ನಾನೇ. ಆ ಮಾತಿಗೆ ಗೆರೆ ಎಳೆಯಬೇಕು. ಗೆರೆ ಎಳೆದ ಕಡೆ ಪಕ್ಕದಲ್ಲಿ ಸಹಿ ಬೇಕಾಗುತ್ತದೆ ಎಂದು ಹವಾಲ್ದಾರರು ಹೇಳಿದರು, ಮಾಡಿದ್ದೇನೆ. ಅದರ ಬದಲಿಗೆ ಏನು ಬರೆಯಲಿ ಎಂದು ಕೇಳಿದರು. ಮಕ್ಕಳ ಮುಖ ನೋಡಿ ಹೇಳಿದೆ, ಅವರು ಬರೆದರು:

ತನ್ನ ಮನೆಯಲ್ಲಿ ವಾಸ.

ಸ್ಥಳ: ಅಕ್ಕಲಕೋಟ
ದಿನಾಂಕ: ೨೫-೧೦-೨೦೨೩
ಸಹಿ: ಗುರುಬಾಯಿ